ಟವಲಿನ ಕೆಳಗಿನ ಅರ್ಥ

“ಸುಳ್ಳು ಅಂತೀಯೇನಲೇ ರಂಗಣ್ಣ? ಆ ಎತ್ತು ಎಷ್ಟು ಸಾಧು ಇತ್ತಂದ್ರ, ಸಿರುಗುಪ್ಪದಾಗ ಭತ್ತದ ಚೀಲ ಹೇರಿ ಗಾಡಿ ಹೂಡಿದ್ರ, ಕರೂರು ಮುಟ್ಟೋದ್ರಾಗ ಚೀಲದಾಗಿನ ಭತ್ತ ಮೊಳಕಿ ಒಡದು ಸಸಿ ಆಗಿತ್ತು. ಮಾಲಕ ಏನು ಮಾಡ್ಬೇಕು ಪಾಪ? ಅಲ್ಲೇ ಗಾಡಿ ನಿಲ್ಲಿಸಿ ನಾಟಿ ಮಾಡಿಸಿಬಿಟ್ಟ. ಎತ್ತಿಗೆ ಅದು ಗೊತ್ತೇ ಆಗ್ಲಿಲ್ಲ. ಕೊಯ್ಲಿನ ತಂಕ ಅದು, ನಾನಿನ್ನಾ ನಡ್ಯಾಕತ್ತೀನಿ ಅಂತನ ತಿಳ್ಕಂಡಿತ್ತು.”

ಹೀಗೆಂದು ಉಜ್ಜಿನಪ್ಪ ಮಗ್ಗುಲಲ್ಲಿದ್ದ ಕುರ್ಚಿಯ ಕಡೆಗೆ ತಿರುಗಿ, ಈಗ ಮಾತಾಡು ನೋಡೋಣ ಎಂಬಂತೆ ಹುಬ್ಬು ಹಾರಿಸಿದ. ಕುರ್ಚಿ ಮಾತಾಡಲಿಲ್ಲ. ಅದರಲ್ಲಿ ಯಾರೂ ಇರಲಿಲ್ಲ. ರಂಗಣ್ಣ ತೀರಿಕೊಂಡು ವರ್ಷಗಳೇ ಆಗಿದ್ದವು. ಆದರೆ ಬದುಕಿದ್ದಷ್ಟು ದಿನ ಪ್ರತಿ ಮಾತಿಗೂ ‘ಸುಳ್ಳು’ ಅನ್ನುತ್ತಲೇ ಬಂದ ಮನುಷ್ಯ, ಸತ್ತ ಮಾತ್ರಕ್ಕೆ ಒಪ್ಪಿಕೊಂಡುಬಿಡುತ್ತಾನೆಂದು ಉಜ್ಜಿನಪ್ಪನಿಗೆ ನಂಬಿಕೆಯಿರಲಿಲ್ಲ.

“ಕರೂರಿನೋರನ್ನ ಕೇಳು ಬೇಕಾದ್ರ. ಇವತ್ತಿಗೂ ಅದಕ್ಕ ಎತ್ತು ನಿಂತ ಹೊಲ ಅಂತಾರ.”

ಇದೆಲ್ಲ ನಡೆದದ್ದು ಬಳ್ಳಾರಿಯ ಅಂಚಿನ ಹೊಸ ಬಡಾವಣೆಯೊಂದರಲ್ಲಿ, ಬೀದಿಗೆ ಅಡ್ಡಲಾಗಿ ಹಾಕಿದ ಶಾಮಿಯಾನದ ಕೆಳಗೆ, ನಡುಮಧ್ಯಾಹ್ನ. ಜ್ಯೇಷ್ಠ ಬಂದಿದ್ದರೂ ಮಳೆ ಇನ್ನೂ ದಾರಿ ಕೇಳಿಕೊಂಡು ಬರುತ್ತಿತ್ತು. ಎದುರಿಗಿಟ್ಟ ದೊಡ್ಡ ಫ್ಯಾನು ಗಾಳಿಯನ್ನು ಬಿಟ್ಟು ಬಿಸಿಲನ್ನೇ ಸುತ್ತಿಸಿ ಸುತ್ತಿಸಿ ಒಗೆಯುತ್ತಿತ್ತು. ಈ ಊರಿನ ಬಿಸಿಲಿನ ವಿಷಯಕ್ಕೆ ಉಜ್ಜಿನಪ್ಪನದೇ ಒಂದು ಮಾತಿದೆ: ಇಲ್ಲಿ ಹಪ್ಪಳಗಳನ್ನು ಒಣಗಲೆಂದು ಮಾಳಿಗೆಯ ಮೇಲೆ ಹಾಕಿದರೆ ಸಂಜೆಗೆ ಕರಿದೇ ಕೆಳಗಿಳಿಯುತ್ತವೆ.

ಎದುರಿಗಿದ್ದದ್ದು ಅವನ ಬೀಗ ದೊಡ್ಡಬಸವರಾಜನ ಹೊಸ ಮನೆ. ದೊಡ್ಡಬಸವರಾಜನಿಗೆ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ. ಅವನ ಮಗನಿಗೆ ಉಜ್ಜಿನಪ್ಪನ ಮೊಮ್ಮಗಳು ಅಕ್ಷತಾಳನ್ನು ಮೊನ್ನೆ ಮಾಘದಲ್ಲಿ ಕೊಟ್ಟು ಮದುವೆ ಮಾಡಿದ್ದರು. ಇವತ್ತು ಗೃಹಪ್ರವೇಶ. ಕುರುಗೋಡಿನಿಂದ ಉಜ್ಜಿನಪ್ಪ, ಹೆಂಡತಿ ಕೊಟ್ರಬಸಮ್ಮ, ಮಗ, ಅಂದರೆ ಅಕ್ಷತಾಳ ಅಪ್ಪ, ವೀರೇಶ ಎಲ್ಲರೂ ಮುಂಜಾನೆಯೇ ಬಂದಿದ್ದರು. ಆಕಳು ಮೊದಲು ಒಳಗೆ ಹೋದದ್ದನ್ನು ನೋಡಿ, ಅದಕ್ಕೂ ಅವನು ಖಾಲಿ ಕುರ್ಚಿಗೆ ಅರ್ಥ ಹೇಳಿ ಮುಗಿಸಿದ್ದ: “ಆಕಳನ್ನ ಯಾಕ ಮೊದ್ಲು ಒಳಗ ಬಿಡ್ತಾರ ಗೊತ್ತೇನು? ಬಂದೋರೊಳಗ ಟೈಲ್ಸ್ ನೋಡಿ ಹೊಟ್ಟಿ ಉರ್ಕಳ್ಳಲಾರದ್ದು ಅದೊಂದ.”

ಈಗ ಊಟದ ಹೊತ್ತು. ಪಂಕ್ತಿ ನಡೆಯುತ್ತಿದ್ದದ್ದು ಮೇಲಿನ ಮಹಡಿಯಲ್ಲಿ. ಒಗ್ಗರಣೆಯ ವಾಸನೆ ಮೆಟ್ಟಿಲು ಇಳಿದು, ಬೀದಿ ದಾಟಿ, ಉಜ್ಜಿನಪ್ಪನ ಮೂಗಿನ ಬಳಿ ಬಂದು ಕುಶಲ ವಿಚಾರಿಸುತ್ತಿತ್ತು. ಎಣ್ಣೆಗಾಯಿ ಬಂತು, ಗೋಧಿ ಹುಗ್ಗಿ ಬಂತು, ಮಿರ್ಚಿ ಬಜ್ಜಿಯಂತೂ ಎರಡು ಸಲ ಬಂತು. ಮೈಕಿನಲ್ಲಿ ಯಾರೋ ಮತ್ತೆ ಮತ್ತೆ ಕೂಗುತ್ತಿದ್ದರು: “ಬಂದಂತಾ ಎಲ್ಲಾ ಬಂಧುಗಳು ದಯವಿಟ್ಟು ಊಟ ಮಾಡ್ಕಂಡು ಹೋಗ್ಬೇಕು.”

ಉಜ್ಜಿನಪ್ಪ ಅಲುಗಲಿಲ್ಲ. ಮೈಕಿನಲ್ಲಿ ಕೂಗಿದ್ದು ಊರಿಗೆ ಹೇಳಿದ ಮಾತು. ಬೀಗರನ್ನು ಎಬ್ಬಿಸುವ ರೀತಿಯೇ ಬೇರೆ. ಮನೆಯ ಯಜಮಾನ ತಾನೇ ಎದುರಿಗೆ ಬಂದು ಕೈ ಹಿಡಿಯಬೇಕು, ‘ಏಳ್ರಿ ಬೀಗರ, ಊಟ ಆಗ್ಲಿ’ ಅನ್ನಬೇಕು. ಆಮೇಲೆ ಬೀಗ ‘ಇರ್ಲಿ ಇರ್ಲಿ, ಅವಸರೇನೈತಿ’ ಅಂದು, ಎದ್ದೂ ಏಳದ ಹಾಗೆ ಏಳಬೇಕು. ಕುರುಗೋಡಿನಿಂದ ಸಿರುಗುಪ್ಪದವರೆಗೆ ಅವನ ತಾತ ಮುತ್ತಾತಂದಿರು ಹೀಗೇ ಎದ್ದವರು. ಮುಂಜಾನೆಯಿಂದ ದೊಡ್ಡಬಸವರಾಜ ಎಲ್ಲರ ಕೈ ಹಿಡಿದಿದ್ದ: ಗಿರಣಿಯ ಗುಮಾಸ್ತರದು, ಗೌಂಡಿಯದು, ಬಣ್ಣ ಬಳಿದವನದು ಕೂಡ. ಉಜ್ಜಿನಪ್ಪನ ಕೈ ಮಾತ್ರ ತೊಡೆಯ ಮೇಲೆ ಬೆವರುತ್ತಾ ಕುಳಿತಿತ್ತು.

ಕಾರಣ ಉಜ್ಜಿನಪ್ಪನಿಗೆ ಗೊತ್ತಿತ್ತು. ಅದನ್ನು ಹೇಳಬೇಕಾದರೆ ಅವನ ಕಸುಬಿನಿಂದ ಶುರು ಮಾಡಬೇಕು.

ಉಜ್ಜಿನಪ್ಪ ದನದ ದಲ್ಲಾಳಿ. ಸುತ್ತಲ ಯಾವ ದನದ ಸಂತೆಗೆ ಹೋದರೂ, ಹೆಗಲ ಮೇಲೆ ಕೆಂಪಂಚಿನ ಟವಲು ಹಾಕಿದ ಈ ಎತ್ತರದ ಮನುಷ್ಯನಿಲ್ಲದೆ ದೊಡ್ಡ ವ್ಯಾಪಾರ ಕುದುರುತ್ತಿರಲಿಲ್ಲ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡರ ಮೇಲೂ ಟವಲು ಹಾಸಿ, ಅದರ ಕೆಳಗೆ ಬೆರಳು ಹಿಡಿದು ಒತ್ತುವುದೇ ಮಾತು. ಟವಲಿನ ಮೇಲೆ ಬೇರೆಯದೇ ನಾಟಕ. “ಅಯ್ಯೋ, ಮಗನಂಗ ಸಾಕೀನಿ, ಕೊಡಾಕ ಮನಸಿಲ್ಲ” ಎಂದು ಮಾರುವವನ ಬಾಯಿ ಅಳುತ್ತಿದ್ದಾಗಲೇ ಅವನ ಬೆರಳು ಟವಲಿನ ಕೆಳಗೆ ‘ಇವತ್ತೇ ಹೊಡ್ಕಂಡು ಹೋಗು ಮಾರಾಯ’ ಎಂದು ಬೇಡಿಕೊಳ್ಳುತ್ತಿರುತ್ತದೆ.

ಮೀಸೆ ಮೂಡುವ ವಯಸ್ಸಿನಲ್ಲೇ ಇದನ್ನು ಕಂಡ ಉಜ್ಜಿನಪ್ಪ ಒಂದು ತೀರ್ಮಾನಕ್ಕೆ ಬಂದಿದ್ದ. ಲೋಕದ ಪ್ರತಿ ಮಾತಿಗೂ ಟವಲಿನ ಮೇಲೊಂದು ಅರ್ಥ, ಟವಲಿನ ಕೆಳಗೊಂದು ಅರ್ಥ. ಸಂತೆಯಲ್ಲಿ ‘ಸಾಧು ಎತ್ತು’ ಅಂದರೆ ಏಳುವುದಿಲ್ಲ. ‘ಚುರುಕೈತಿ’ ಅಂದರೆ ಹಾಯುತ್ತದೆ. ‘ಮನೀದು, ಹೊರಗ ಕೊಟ್ಟಿಲ್ಲ’ ಅಂದರೆ ಹೊರಗೆ ಯಾರೂ ತೆಗೆದುಕೊಂಡಿಲ್ಲ. ಆದೋನಿಯಿಂದ ಬರುವ ಗಿರಾಕಿಗಳು ಎತ್ತನ್ನು ಸುತ್ತುಹಾಕಿ ‘ಮಂಚಿದೇ’ ಅಂದರೆ, ‘ಒಳ್ಳೇದೇ, ಆದರೆ ನನಗಲ್ಲ, ನಮ್ಮ ದಾಯಾದಿಗೆ’ ಎಂದರ್ಥ. ಸತ್ಯ ಎಂಬುದು ಎತ್ತಿನ ಹಲ್ಲಿದ್ದಂತೆ. ಬಾಯಿ ತೆರೆಸಿ ನೋಡುವವರೆಗೆ ಎಲ್ಲ ಎತ್ತುಗಳೂ ಪ್ರಾಯದವೇ.

ಇನ್ನು ರಂಗಣ್ಣ. ಉಜ್ಜಿನಪ್ಪ ಒಂದು ಎತ್ತನ್ನು ಹೊಗಳಿದ ಕೂಡಲೇ ಗುಂಪಿನೊಳಗಿಂದ ‘ಸುಳ್ಳು!’ ಎಂದು ಕೂಗುವುದೇ ಅವನ ಉದ್ಯೋಗ. ಹಾಗೆ ಕೂಗಿದರೇ ಜನ ಸೇರುತ್ತಿದ್ದರು. ಜನ ಸೇರಿದರೇ ಉಜ್ಜಿನಪ್ಪನ ಬಾಯಿಗೆ ಕಳೆ ಬರುತ್ತಿತ್ತು. “ಸುಳ್ಳಾ? ಲೇ, ಈ ಎತ್ತು ಕುರುಗೋಡಿನ ಗುಡ್ಡಕ್ಕ ಮೈ ತಿಕ್ಕಿದ್ದಕ್ಕ ಗುಡ್ಡ ಒಂದು ಗೇಣು ಆ ಕಡಿ ಸರದೈತಿ, ಹೋಗಿ ನೋಡ್ಕಂಡು ಬಾ!” ಯಾರೂ ನೋಡಿಕೊಂಡು ಬರಲು ಹೋಗುತ್ತಿರಲಿಲ್ಲ. ಗುಡ್ಡ ಮೊದಲೆಲ್ಲಿತ್ತು ಎಂದು ತಿಳಿದವರಾದರೂ ಯಾರು?

ಆಮೇಲೆ ಟ್ರ್ಯಾಕ್ಟರು ಬಂದವು. ಭತ್ತ ಕೊಯ್ಯುವ ಯಂತ್ರ ಬಂತು. ಸಂತೆ ಸೊರಗಿತು. ಟ್ರ್ಯಾಕ್ಟರಿಗೆ ಹಲ್ಲಿಲ್ಲವಾದ್ದರಿಂದ ಅದರ ಬಾಯಿ ತೆರೆಸಿ ನೋಡುವ ದಲ್ಲಾಳಿ ಯಾರಿಗೂ ಬೇಕಾಗಲಿಲ್ಲ. ಉಜ್ಜಿನಪ್ಪ ಅದಕ್ಕಾಗಿ ಕುಗ್ಗಲಿಲ್ಲ. ಎತ್ತು ಹೋದರೂ ಟವಲು ಉಳಿಯಿತು, ಮಾತು ಉಳಿಯಿತು. ಕುರುಗೋಡಿನ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಬೆಂಚು ಅವನ ಹೊಸ ಸಂತೆಯಾಯಿತು. ಜನ ಎತ್ತು ತರುತ್ತಿದ್ದ ಕಡೆಗೆ ಈಗ ಶಬ್ದ ತರತೊಡಗಿದರು.

“ತಾತ, ಪಂಚಾಯ್ತ್ಯಾಗ ಒಮ್ಮತಕ್ಕ ಬಂದ್ರಂತ. ಒಮ್ಮತ ಅಂದ್ರ?”

“ಕುಂತೋರಿಗೆಲ್ಲಾ ಒಮ್ಮೆಲೇ ಹಸಿವಾಗೋದು.”

“ವಾಕಿಂಗು?”

“ಹೊಲಕ್ಕ ಹೋಗಾಕ ಬ್ಯಾಸರ ಆದಾತ ಎಲ್ಲಿಗೂ ಹೋಗದಂಗ ನಡೆಯೋದು.”

ಮೊಬೈಲಿನ ಗ್ರೂಪು ಅಂದರೆ ಮುಂಜಾನೆ ಹೂವು ಕಳಿಸಿ ಸಂಜೆಗೆ ಜಗಳ ಕಳಿಸುವ ಸಂತೆ. ನಮ್ರತೆ ಅಂದರೆ ತನ್ನ ದೊಡ್ಡಸ್ತಿಕೆಯನ್ನು ಇನ್ನೊಬ್ಬನ ಬಾಯಿಂದ ಹೇಳಿಸುವುದು. ಸಿರುಗುಪ್ಪದಿಂದ ಬರಬೇಕಾದವನು ಫೋನಿನಲ್ಲಿ ‘ತೆಕ್ಕಲಕೋಟಿ ದಾಟೀನಿ’ ಅಂದರೆ ಇನ್ನೂ ಮನೆಯಲ್ಲಿ ಚಪ್ಪಲಿ ಹುಡುಕುತ್ತಿದ್ದಾನೆ ಎಂದರ್ಥ. ದಲ್ಲಾಳಿ ಅಂದರೆ? ಅದನ್ನೂ ಒಬ್ಬ ಕೇಳಿದ್ದ. ಉಜ್ಜಿನಪ್ಪ ಒಂದು ಕ್ಷಣವೂ ತಡೆಯದೆ, “ಇಬ್ಬರ ಕಡೀನೂ ಇರಾತ, ಅದಕ್ಕ ಇಬ್ಬರ ಕೈಲೀನೂ ಬೈಸ್ಕಣಾತ” ಅಂದಿದ್ದ. ತನ್ನನ್ನೂ ಬಿಡದವನು ಊರನ್ನು ಬಿಡುತ್ತಾನೆಯೇ? ಕೊಳಗಲ್ಲಿನಿಂದ ಬಸ್ಸಿಗೆ ಬಂದವರು ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಹೋದದ್ದುಂಟು. ಅದನ್ನು ಅವನು ಮೀಸೆಯ ಮೇಲೆ ಕೈಯಾಡಿಸಿಯೇ ಹೇಳುತ್ತಿದ್ದ.

ಈ ಅರ್ಥಗಳ ನಡುವೆಯೇ ಬೆಳೆದವಳು ಅಕ್ಷತಾ. ದಿನಾ ಸಂಜೆ ಸಾಲೆ ಬಿಟ್ಟ ಮೇಲೆ ಚಹಾದಂಗಡಿಯ ಬೆಂಚಿನಲ್ಲಿ ತಾತನ ತೊಡೆಗೆ ಒರಗಿ ಕುಳಿತು, ಮಂಡಕ್ಕಿ ತಿನ್ನುತ್ತಾ ಎಲ್ಲವನ್ನೂ ಕೇಳುತ್ತಿದ್ದಳು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. “ನಿನ್ನ ಮೊಮ್ಮಗಳು ಭಾಳ ಸಾಧು” ಎಂದು ಯಾರಾದರೂ ಅಂದರೆ ಉಜ್ಜಿನಪ್ಪನಿಗೆ ಒಳಗೇ ಚುಚ್ಚುತ್ತಿತ್ತು. ಸಂತೆಯಲ್ಲಿ ಆ ಶಬ್ದಕ್ಕೆ ಇರುವ ಅರ್ಥ ಅವನಿಗಿಂತ ಚೆನ್ನಾಗಿ ಬಲ್ಲವರಾರು?

ಅವಳ ಮದುವೆಯಲ್ಲೇ ಎಡವಟ್ಟು ನಡೆದದ್ದು. ಆಯಾರದ ಹೊತ್ತು: ಯಾರು ಯಾರಿಗೆ ಸೀರೆ, ಯಾರು ಯಾರಿಗೆ ಪಂಚೆ ಕೊಟ್ಟರೆಂದು ಮೈಕಿನಲ್ಲಿ ಸಾರುತ್ತಿದ್ದರು. ಹಿರಿಯನೆಂದು ಉಜ್ಜಿನಪ್ಪನನ್ನು ಮೈಕಿನ ಪಕ್ಕದಲ್ಲೇ ಕೂರಿಸಿದ್ದರು. ಸೀರೆಗಳು ಒಂದರ ಹಿಂದೊಂದು ಕೈ ದಾಟುವುದನ್ನು ನೋಡಿ ಅವನ ನಾಲಿಗೆ ಸುಮ್ಮನಿರಲಿಲ್ಲ. ಪಕ್ಕದಲ್ಲಿ ರಂಗಣ್ಣ ಕುಳಿತಿದ್ದಾನೆಂದೇ ಬಗೆದು ಮೆಲ್ಲಗೆ ಅಂದ: “ಆಯಾರ ಅಂದ್ರ ಏನಂದಿ? ಮಡಿಕಿ ಬಿಚ್ಚಲಾರದ ಹತ್ತು ಮದುವಿ ನೋಡಿ ಬಂದ ಸೀರಿ.” ರಂಗಣ್ಣ ಎಂದಿನಂತೆ ಒಪ್ಪಲಿಲ್ಲವೆಂದು ಕಾಣುತ್ತದೆ. ಉಜ್ಜಿನಪ್ಪ ಇನ್ನೊಂದು ಹಾಕಿದ: “ಬೀಗರು ಅಂದ್ರ? ನಮ್ಮ ಹೆಣ್ಣು ಒಯ್ದು, ನಮ್ಮ ಮನ್ಯಾಗ ಉಂಡು, ಸಾರಿಗೆ ಉಪ್ಪು ಕಮ್ಮಿ ಆಗೇತಿ ಅಂತ ಹೇಳಿ ಹೋಗೋರು.”

ಸಾರುತ್ತಿದ್ದವನು ನೀರು ಕುಡಿಯಲು ಮೈಕನ್ನು ಕೆಳಗಿಟ್ಟಿದ್ದ. ಆರಿಸಿರಲಿಲ್ಲ. ಆ ಮಾತು ಕಲ್ಯಾಣಮಂಟಪದ ನಾಲ್ಕೂ ಮೂಲೆಗೆ ಮುಟ್ಟಿ, ಅಡುಗೆಮನೆಗೂ ಹೋಗಿ ಬಂತು. ಸಭೆ ನಕ್ಕಿತು. ದೊಡ್ಡಬಸವರಾಜ ಮಾತ್ರ ಆಗಷ್ಟೇ ಪಂಕ್ತಿಯಿಂದ ಎದ್ದು ಬಂದಿದ್ದ. ಸಾರಿನ ವಿಷಯವಾಗಿ ನಿಜಕ್ಕೂ ಏನೋ ಅಂದೂ ಇದ್ದನಂತೆ. ಕರವಸ್ತ್ರದಲ್ಲಿ ಬಾಯಿ ಒರೆಸುತ್ತಾ ನಿಂತವನು ನಗಲಿಲ್ಲ, ಸಿಟ್ಟಾಗಲಿಲ್ಲ, ಬಾಯಿ ತೆರೆದ, ಮುಚ್ಚಿದ, ಹೊರಗೆ ಹೋದ. ಅವತ್ತಿನಿಂದ ಉಜ್ಜಿನಪ್ಪನ ಜೊತೆ ಅವನ ಮಾತಿಲ್ಲ. ಯುಗಾದಿಗೆ ಫೋನು ಬರಲಿಲ್ಲ. ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಒಮ್ಮೆ ಎದುರಾದಾಗ ಬಸ್ಸಿನ ಬೋರ್ಡು ಓದುತ್ತಾ ನಿಂತುಬಿಟ್ಟ. ಆ ಬಸ್ಸು ಹೊರಟು ಹೋದ ಮೇಲೂ ಅಲ್ಲೇ ಓದುತ್ತಿದ್ದ.

ಬೀಗರ ನಡುವೆ ಮಾತಿಗೆ ಮಾತು ಇದ್ದದ್ದೇ. ಚುಚ್ಚಬೇಕು, ಚುಚ್ಚಿಸಿಕೊಳ್ಳಬೇಕು, ಆಮೇಲೆ ಒಟ್ಟಿಗೆ ಉಣ್ಣಬೇಕು. ಆದರೆ ಒಬ್ಬ ಚುಚ್ಚಿ ಇನ್ನೊಬ್ಬ ಸುಮ್ಮನಾದರೆ ಅದು ಹುಣ್ಣಾಗುತ್ತದೆ. ಇವತ್ತು ಉಜ್ಜಿನಪ್ಪ ಈ ಮನೆಯಲ್ಲಿ ಉಣ್ಣದೆ ಎದ್ದುಹೋದರೆ ಮುಗಿಯಿತು. ‘ಬೀಗ ಬಂದು ಹಸ್ಕಂಡು ಹೋದ’ ಎಂಬ ಮಾತು ಸಿರುಗುಪ್ಪಕ್ಕೂ ಕುರುಗೋಡಿಗೂ ಅವನಿಗಿಂತ ಮೊದಲು ಮುಟ್ಟುತ್ತದೆ. ಆಮೇಲೆ ಶ್ರಾವಣದಲ್ಲಿ ಮೊದಲ ಪಂಚಮಿಗೆ ಅಕ್ಷತಾಳನ್ನು ತವರಿಗೆ ಕಳಿಸೆಂದು ಯಾವ ಬಾಯಲ್ಲಿ ಕೇಳುವುದು? ಅವಳಿಗಾಗಿ ಜೋಕಾಲಿ ಕಟ್ಟಲು ಹಿತ್ತಲ ಬೇವಿನ ಮರದ ಗಟ್ಟಿ ಕೊಂಬೆಯನ್ನು ಉಜ್ಜಿನಪ್ಪ ಬೇಸಿಗೆಯಲ್ಲೇ ಆರಿಸಿಟ್ಟಿದ್ದ. ಹಾಗೆಂದು ತಾನಾಗಿಯೇ ಎದ್ದು ಪಂಕ್ತಿಗೆ ಹೋಗುವುದೇ? ಗಿರಾಕಿಯ ಹಿಂದೆ ತಾನೇ ನಡೆದುಹೋದ ಎತ್ತಿಗೆ ಯಾವ ಸಂತೆಯಲ್ಲಿ ಬೆಲೆಯಿದೆ?

ಮಗ ವೀರೇಶ ಮೆಟ್ಟಿಲು ಇಳಿದು ಬಂದ. ಬಾಯಿ ಕೆಂಪಗಿತ್ತು, ಉಂಡು ಎಲೆಯಡಿಕೆಯನ್ನೂ ಹಾಕಿಕೊಂಡಾಗಿತ್ತು.

“ಯಪ್ಪಾ, ಮ್ಯಾಲ ಜಾಗ ಖಾಲಿ ಐತಿ, ಬಾ.”

“ನಿನ್ನ ಕರದ್ರೇನು?”

“ಕೈ ಹಿಡ್ದು ಎಬ್ಬಿಸಿದ್ರು. ನಿನ್ನೂ ಕರೀತಾರ ಬಿಡು, ಮಂದಿ ಭಾಳ ಅದಾರ, ಅವರಿಗೂ…”

“ಬಣ್ಣದಾತನ್ನ ಎಬ್ಬಿಸೋವಾಗ ಮಂದಿ ಇರಲಿಲ್ಲೇನು?”

ವೀರೇಶನಿಗೆ ಅಪ್ಪನ ಜೊತೆ ವಾದಿಸಿ ಗೆದ್ದ ನೆನಪಿರಲಿಲ್ಲ. ತಲೆ ಕೆರೆದುಕೊಂಡು ಹೋಗಿ ಅವ್ವನನ್ನು ಕಳಿಸಿದ. ಕೊಟ್ರಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಳು. ಖಾಲಿ ಕುರ್ಚಿಯ ಮೇಲೆ ಧೊಪ್ಪನೆ ಕೂತಳು.

“ಏ, ಅಲ್ಲಿ…” ಎಂದು ಉಜ್ಜಿನಪ್ಪ ಬಾಯಿ ತೆರೆದ.

“ರಂಗಣ್ಣ ಕುಂತಾನೇನು? ಆತಗ ಇಲ್ಲೇನು ಕೆಲಸ? ಸರಕಂತಾನ ಬಿಡ್ರಿ.” ಅವಳು ಗಂಡನ ಮುಖ ನೋಡಿದಳು. “ಮುಂಜಾನಿ ಸಕ್ಕರಿ ಗುಳಿಗಿ ನುಂಗೀರಿ. ಹೊಟ್ಟ್ಯಾಗ ಏನೂ ಇಲ್ಲ. ಕಣ್ಣು ಕತ್ಲಿ ಬಂದು ಬಿದ್ರ ಯಾರು ಎತ್ಕಂಡು ಹೋಗೋರು?”

“ಗಂಡಸಿಗೆ ಮರ್ಯಾದಿ ಅಂತ ಒಂದು ಇರ್ತೈತಿ.”

“ಮರ್ಯಾದಿ ಅಂದ್ರ ನಾ ಹೇಳ್ತೀನಿ ಕೇಳ್ರಿ. ಹೊಟ್ಟಿ ಅಳೋದು ಕೇಳಬಾರದು ಅಂತ ಕಿವಿಗೆ ಸುತ್ಕಣೋ ರುಮಾಲು.”

ಉಜ್ಜಿನಪ್ಪ ಚಕಿತನಾಗಿ ಹೆಂಡತಿಯನ್ನು ನೋಡಿದ. ನಲವತ್ತೈದು ವರ್ಷ ಸಂಸಾರ ಮಾಡಿದ ಮೇಲೆ ರೊಟ್ಟಿ ಬಡಿಯುವ ಕೈಗೂ ಅರ್ಥ ಕಟ್ಟಲು ಬಂದಿತ್ತು. ಬೇರೆ ದಿನವಾಗಿದ್ದರೆ ಸಂತೆಗೆಲ್ಲ ಸಾರಿ ಬರುತ್ತಿದ್ದ. ಇವತ್ತು “ಹೂಂ” ಅಂದ, ಅಷ್ಟೇ. ಅಲುಗಲಿಲ್ಲ.

“ಅಕ್ಷತಾ ಮ್ಯಾಲ ಬಡಿಸಾಕತ್ಯಾಳ,” ಕೊಟ್ರಬಸಮ್ಮನ ದನಿ ತಗ್ಗಿತು. “ಎಲಿ ಹಾಕ್ತಾಳ, ಕಿಟಕ್ಯಾಗ ಬಗ್ಗಿ ನಿಮ್ಮನ್ನ ನೋಡ್ತಾಳ, ಮತ್ತ ಎಲಿ ಹಾಕ್ತಾಳ. ಆಕಿನೂ ಉಂಡಿಲ್ಲ.”

ಇದು ನೇರವಾಗಿ ನಾಟಿತು. ಉಜ್ಜಿನಪ್ಪ ಮೇಲಿನ ಕಿಟಕಿಯ ಕಡೆಗೆ ನೋಡಿದ. ಯಾರೂ ಕಾಣಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಇನ್ನೇನು ಎದ್ದೇಬಿಡುವವನಂತೆ ಮುಂದಕ್ಕೆ ಬಾಗಿದ. ಅಷ್ಟರಲ್ಲಿ ದೊಡ್ಡಬಸವರಾಜ ಹೊಸಿಲು ದಾಟಿ ಬೀದಿಗೆ ಬಂದ. ನೇರ ಇವನ ಕಡೆಗೇ ಬಂದ. ಅಗಲ ಎದೆಯ, ಕಡಿಮೆ ಮಾತಿನ ಆಳು. ಹೊಸ ಪಂಚೆ ಇನ್ನೂ ಮಡಿಕೆಯ ಗುರುತಿನಲ್ಲೇ ನಿಂತಿತ್ತು. ಉಜ್ಜಿನಪ್ಪ ಬೆನ್ನು ನೆಟ್ಟಗೆ ಮಾಡಿ, ಬಲಗೈಯನ್ನು ಹಿಡಿಯಲು ಅನುಕೂಲವಾಗುವಂತೆ ತೊಡೆಯ ಅಂಚಿಗೆ ತಂದಿಟ್ಟ. ದೊಡ್ಡಬಸವರಾಜ ಎದುರಿಗೆ ನಿಂತ. ಬಾಯಿ ತೆರೆದ. ತುಟಿ ಅಲ್ಲಾಡಿದವು. ಕಣ್ಣನ್ನು ಮೇಲಕ್ಕೆ ಎತ್ತಿ, ಶಾಮಿ‌ಯಾನದ ಬಟ್ಟೆಯಲ್ಲಿ ಏನನ್ನೋ ಹುಡುಕಿದ.

“ಫ್ಯಾನು… ತಿರುಗ್ತಾ ಐತಲ್ಲ?” ಅಂದ.

“ತಿರುಗ್ತಾ ಐತಿ,” ಅಂದ ಉಜ್ಜಿನಪ್ಪ.

“ಹಾಂ. ಅದನ್ನ ನೋಡಾಕ ಬಂದೆ.” ಬಂದಷ್ಟೇ ಬಿರುಸಾಗಿ ಒಳಗೆ ಹೋದ.

“ನೋಡಿದೇನು?” ಉಜ್ಜಿನಪ್ಪನ ಮೂಗಿನ ಹೊಳ್ಳೆ ಅರಳಿದವು. “ಫ್ಯಾನಿಗೆ ಮರ್ಯಾದಿ ಕೊಟ್ಟ. ನನ್ನ ಪಾಲಿಗೆ ಗಾಳಿ ಬಿಟ್ಟು ಹೋದ. ನಡಿ, ಬಸ್ಸಿಗೆ ಹೋಗಾನ.”

ಈ ಸಲ ಅವನು ನಿಜವಾಗಿ ಎದ್ದ. ಟವಲು ಕೊಡವಿ ಹೆಗಲಿಗೆ ಹಾಕಿದ. ಕೊಟ್ರಬಸಮ್ಮ ಅವನ ತೋಳು ಹಿಡಿದಳು, ಬಿಡಿಸಿಕೊಂಡ. ಊಟ ಮುಗಿಸಿ ಹೊರಬಂದ ನಾಲ್ಕಾರು ಜನ ನಿಂತು ನೋಡತೊಡಗಿದರು. ಮದುವೆ ಮುರಿಯುವುದನ್ನು, ಬೀಗರು ಮುನಿಯುವುದನ್ನು ನೋಡುವಾಗ ಉಂಡ ಊಟ ಬೇಗ ಅರಗುತ್ತದೆ.

ಆಗ ಮನೆಯೊಳಗಿಂದ ದೊಡ್ಡಬಸವರಾಜನ ಹೆಂಡತಿ ಸಾವಂತ್ರಮ್ಮ ಹೊರಗೆ ಬಂದಳು. ಒಬ್ಬಳೇ ಬರಲಿಲ್ಲ; ಗಂಡನ ರಟ್ಟೆ ಹಿಡಿದು, ಸಂತೆಗೆ ಎತ್ತನ್ನು ಹೊಡೆದುಕೊಂಡು ಬರುವ ಹಾಗೆ ಎಳೆದುಕೊಂಡೇ ಬಂದಳು.

“ಎತ್ಲಾಗ ಹೊಂಟೀರಿ ಬೀಗರ? ಉಪ್ಪು ತರಾಕೇನು?” ಅಂದಳು.

ನಿಂತವರೆಲ್ಲ ಕಿಸಕ್ಕನೆ ನಕ್ಕರು. ಬೀಗತಿಯ ಮಾತಿಗೆ ಮುನಿಯುವ ಹಾಗಿಲ್ಲ. ಉಜ್ಜಿನಪ್ಪ ಹೆಜ್ಜೆ ತಡೆದ.

“ನಮ್ಮ ಯಜಮಾನ್ರಿಗೆ ಸಿಟ್ಟು ಬಂದೈತಿ ಅಂತ ತಿಳ್ಕಂಡೀರೇನು? ಸಿಟ್ಟಲ್ರಿ ಇದು, ಸಂಕಟ. ಮಾಘದಿಂದ ಈ ಮನುಷ್ಯ ಸರಿ ಮಲಗಿಲ್ಲ. ಬೀಗರು ಒಂದು ಮಾತು ಹಾಕ್ಯಾರ, ತಿರುಗಿ ಮಾತು ಕೊಡಲಾರದ ಹೆಂಗ ಅವರ ಮುಂದ ನಿಂತು ಉಂಬೋದು ಅಂತ. ಗಿರಣ್ಯಾಗ ಕುಂತ್ರ ಅದ, ಜಳಕಕ್ಕ ಹೋದ್ರ ಅದ. ಒಂದಿನ ಅನ್ನದ ತಾಟು ಮುಂದಿಟ್ಕಂಡು, ‘ಬೀಗರು ಅಂದ್ರ, ಬೀಗರು ಅಂದ್ರ’ ಅಂತ ಅನ್ಕಂತ ಅಷ್ಟೂ ಉಪ್ಪಿನಕಾಯಿ ತಿಂದು ಎದ್ದಾರ. ಮಾತು ಸಿಕ್ಕಿಲ್ಲ. ಈಗ ಸಿಕ್ಕೈತಿ. ಆಗ್ಲೇ ಹೇಳಾಕ ಬಂದು, ನಿಮ್ಮ ಮೀಸಿ ನೋಡಿ ಮರ್ತು, ಫ್ಯಾನು ಕೇಳಿ ಬಂದಾರ.” ಗಂಡನ ಕಡೆಗೆ ತಿರುಗಿದಳು. “ಹೂಂ, ಹೇಳ್ರಿ ಈಗ.”

ಉಜ್ಜಿನಪ್ಪನಿಗೆ ನೆಲ ಒಂದಿಷ್ಟು ಸರಿದಂತಾಯಿತು. ಕುರುಗೋಡಿನ ಗುಡ್ಡದಷ್ಟು ಅಲ್ಲ, ಆದರೂ ಸರಿಯಿತು. ಬಸ್ಸಿನ ಬೋರ್ಡು ಓದುತ್ತಿದ್ದವನ ಬೆನ್ನು, ಬರದ ಫೋನು, ಎಲ್ಲ ಕಣ್ಣ ಮುಂದೆ ಬಂದವು. ಮುನಿಸಿಕೊಂಡಿದ್ದಾನೆ ಎಂದುಕೊಂಡಿದ್ದ ಮನುಷ್ಯ ಇಷ್ಟು ದಿನ ಉತ್ತರ ಹುಡುಕುತ್ತಿದ್ದ! ತನ್ನದೊಂದು ಮಾತಿಗೆ ಒಬ್ಬ ಗಿರಣಿ ಮಾಲಕ ಯುಗಾದಿಯನ್ನೇ ಮರೆತಿದ್ದನೆಂದರೆ! ಉಜ್ಜಿನಪ್ಪನ ಎದೆ ಅಂಗಿಯ ಗುಂಡಿಗಳಿಗೆ ಸ್ವಲ್ಪ ಕಷ್ಟ ಕೊಟ್ಟಿತು.

ದೊಡ್ಡಬಸವರಾಜ ಗಂಟಲು ಸರಿಮಾಡಿಕೊಂಡ. ಸಾಲೆಯ ಹುಡುಗ ಪದ್ಯ ಒಪ್ಪಿಸುವಂತೆ ಕೈಗಳನ್ನು ಇಳಿಬಿಟ್ಟು ನೆಟ್ಟಗೆ ನಿಂತ.

“ಬೀಗರು ಅಂದ್ರ…” ಎಂದು ಶುರುಮಾಡಿ ನಿಂತ. ಯಾರೋ ಕೆಮ್ಮಿದರು. “ಬೀಗರು ಅಂದ್ರ, ನಾವು ಹೆಣ್ಣು ಕೊಟ್ಟೀವಿ ಅಂತ ತಿಳ್ಕಂಡಿರ್ತಾರ. ಹೆಣ್ಣಿನ ಸಂಗಾಟ ನಾಲಿಗೀನೂ ಕೊಟ್ಟಿರ್ತಾರ. ಆಯಾರದಾಗ ಅದನ್ನ ಕೂಗಿ ಹೇಳೋದು ಮಾತ್ರ… ಮಾತ್ರ ಮರ್ತಿರ್ತಾರ.”

ಶಾಮಿಯಾನದ ಕೆಳಗೆ ನಗೆ ಎದ್ದಿತು. ಕೊಟ್ರಬಸಮ್ಮನೇ ಮೊದಲು ನಕ್ಕಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಉಜ್ಜಿನಪ್ಪ ನಗಲಿಲ್ಲ. ಆ ಮಾತಿನ ನಡಿಗೆಯನ್ನು ಕೇಳುತ್ತಿದ್ದ. ಇದು ಗಿರಣಿಯಲ್ಲಿ ಹುಟ್ಟಿದ ಮಾತಲ್ಲ. ಮೊದಲು ಬಾಗಿ ನಮಸ್ಕಾರ ಮಾಡಿ, ಆಮೇಲೆ ಕಾಲು ಎಳೆಯುವ ಮಾತು ಇದು. ಇಂಥ ಮಾತು ಎಲ್ಲಿ ಹುಟ್ಟುತ್ತದೆಂದು ಅವನಿಗೆ ಗೊತ್ತಿತ್ತು. ತಲೆಯೆತ್ತಿ ಮಹಡಿಯ ಕಿಟಕಿ ನೋಡಿದ. ಅಕ್ಷತಾ ನಿಂತಿದ್ದಳು. ಕೈಯಲ್ಲಿ ಹುಗ್ಗಿಯ ಸೌಟು. ಮಾವ ಎಲ್ಲಿ ಎಡವುತ್ತಾನೋ ಎಂಬ ಭಯದಲ್ಲಿ ಅವನ ಜೊತೆಜೊತೆಗೇ ಮಾತು ನುಡಿಯುತ್ತಾ ಬಂದ ಅವಳ ತುಟಿ, ‘ಮರ್ತಿರ್ತಾರ’ ಎಂಬಲ್ಲಿ ಇನ್ನೂ ತೆರೆದೇ ಇದ್ದವು.

ತಾತ ನೋಡಿದ್ದನ್ನು ಕಂಡು ಅವಳು ಸೌಟನ್ನು ಹಿಂದಕ್ಕೆ ಅಡಗಿಸಿದಳು.

“ನಿಂದೇನಬೇ ಇದು?” ಉಜ್ಜಿನಪ್ಪ ಬೀದಿಯಿಂದಲೇ ಕೂಗಿದ.

“ನಂದಲ್ಲ ತಾತ! ಮಾವಾರದು!”

“ಸುಳ್ಳು!”

ಆ ‘ಸುಳ್ಳು’ ತನ್ನ ಬಾಯಿಂದಲೇ ಬಂದದ್ದು ಕೇಳಿ ಅವನಿಗೇ ಆಶ್ಚರ್ಯವಾಯಿತು. ಜನ್ಮದಲ್ಲಿ ಮೊದಲ ಸಲ ಅವನು ಅನುಮಾನಪಡುವವನ ಜಾಗದಲ್ಲಿ ನಿಂತಿದ್ದ, ಮತ್ತು ಆ ಜಾಗ ಹಿತವಾಗಿತ್ತು. ಸೋತಿದ್ದ. ನಾಲ್ಕು ಜನರೆದುರು, ಬೀದಿಯಲ್ಲಿ, ಹಸಿದ ಹೊಟ್ಟೆಯಲ್ಲಿ ಸೋತಿದ್ದ. ಆದರೂ ಅವನ ಬೆನ್ನು ಸಂತೆಯ ಕಾಲದಲ್ಲಿ ಇದ್ದಷ್ಟೇ ನೆಟ್ಟಗಾಯಿತು. ಸಾಧುವಂತೆ, ಸಾಧು! ಹದಿನೈದು ವರ್ಷ ಮಂಡಕ್ಕಿ ತಿಂದು, ಬಾಯಿ ಮುಚ್ಚಿಕೊಂಡು, ಇಡೀ ಸಂತೆಯನ್ನೇ ನುಂಗಿಟ್ಟುಕೊಂಡಿದ್ದಳು ಹುಡುಗಿ. ಮಾವನಿಗೆ ಮಾತು ಕೊಟ್ಟು ತಾತನನ್ನು ಸೋಲಿಸಿ, ಎರಡು ಮನೆಯ ಹುಣ್ಣನ್ನು ಒಂದೇ ಏಟಿಗೆ ಒಡೆದಿದ್ದಳು. ತಾನು ಇಷ್ಟು ವರ್ಷ ದಲ್ಲಾಳಿಕೆ ಮಾಡಿ ಇಬ್ಬರಿಂದಲೂ ಬೈಸಿಕೊಂಡಿದ್ದ. ಈ ಹುಡುಗಿ ಇಬ್ಬರನ್ನೂ ನಗಿಸಿದಳಲ್ಲ!

ದೊಡ್ಡಬಸವರಾಜ ಬೆವರು ಒರೆಸಿಕೊಂಡ. ಭಾರ ಇಳಿಸಿದ ಹಮಾಲಿಯ ಹಾಗೆ ಉಸಿರು ಬಿಟ್ಟ. ಮುಂದೆ ಬಂದು ಉಜ್ಜಿನಪ್ಪನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದ.

“ಪಂಚಮಿಗೆ ನಾನ ಕರಕಂಡು ಬಂದು ಬಿಡ್ತೀನಿ ಆಕಿನ,” ಅಂದ. “ಒಂದು ತಿಂಗಳು ಇಟ್ಕಳ್ರಿ ಬೇಕಾದ್ರ. ನನಗೂ ಒಂದೀಟು ಉಸಿರಾಡಾಕ ಬಿಡುವು ಸಿಗ್ತೈತಿ. ನಿಮ್ಮ ಮೊಮ್ಮಗಳು ಬಂದಾಗಿಂದ ನಮ್ಮ ಗಿರಣ್ಯಾಗ ‘ಸ್ವಲ್ಪ ತಡೀರಿ’ ಅನ್ನಾಕ ಯಾರಿಗೂ ಧೈರ್ಯ ಇಲ್ಲ. ಅದಕ್ಕೂ ಅರ್ಥ ಹೇಳ್ಯಾಳ.”

“ಏನಂದ್ಳು? ಏನಂದ್ಳು ಹೇಳ್ರಿ!” ಉಜ್ಜಿನಪ್ಪ ಮಗುವಿನಂತೆ ಕೇಳಿದ. ಉತ್ತರಕ್ಕೆ ಕಾಯಲೂ ಇಲ್ಲ. ನಿಂತವರ ಕಡೆಗೆ ತಿರುಗಿದ. ಕಣ್ಣು ಹೊಳೆಯುತ್ತಿದ್ದವು. “ಕೇಳ್ರಿಲ್ಲಿ. ಈಕಿ ಹುಟ್ಟಿದಾಗ ಏನು ಮಾಡಿದ್ಳು ಗೊತ್ತೇನು? ಎಲ್ಲಾ ಕೂಸು ಅಳ್ತಾವ. ಈಕಿ ಅಳ್ಲಿಲ್ಲ. ಡಾಕ್ಟ್ರಮ್ಮನ್ನ ಮ್ಯಾಲಿಂದ ಕೆಳಗಿನ ತಂಕ ಒಮ್ಮೆ ನೋಡಿದ್ಳು. ಆಕಿ ಗಾಬ್ರಿ ಆಗಿ ‘ಯಾಕ ಅಳವಲ್ದು’ ಅಂತ ತೊಡಿಗೆ ಒಂದು ಚಿವುಟಿದ್ಳು. ಅದಕ್ಕ ಈ ಕೂಸು ಬಾಯಿ ತಗದು, ನಾ ಬಾಗ್ಲಾಗ ನಿಂತು ಕಿವಿಲೆ ಕೇಳೀನಿ, ಸುಳ್ಳಾದ್ರ ನನ್ನ ಮೀಸಿ…”

“ಅಯ್ಯ, ಬೀಗರ!” ಸಾವಂತ್ರಮ್ಮ ಅವನ ಇನ್ನೊಂದು ಕೈ ಹಿಡಿದೆಳೆದಳು. “ಕೂಸು ಎಲ್ಲಿಗೂ ಹೋಗಂಗಿಲ್ಲ. ಹುಗ್ಗಿ ಆರಾಕತ್ತೈತಿ. ಏಳ್ರಿ, ಮೊದ್ಲು ಉಂಬಾಕ ನಡೀರಿ.”

“ಇರ್ಲಿ ಇರ್ಲಿ, ಅವಸರೇನೈತಿ,” ಅಂದ ಉಜ್ಜಿನಪ್ಪ, ಎರಡೆರಡು ಮೆಟ್ಟಿಲು ದಾಟುತ್ತಾ.